ಜಿಟಿ 730: ಡ್ರೈವರ್ ಕೂರ್ತಿಲ್ಲ, ಸ್ಕ್ರೀನ್ 1024×768ರಲ್ಲೇ ನಿಂತಿದೆ

ಮೂಡಿಗೆರೆ_ರೈಟರ್
ಎಲ್ಲರಿಗೂ ನಮಸ್ಕಾರ. ಕಾಫಿ ತೋಟದ ಆಫೀಸಿನ ಹಳೇ ಡೆಸ್ಕ್‌ಟಾಪ್ ಇದು. ಸೆಕೆಂಡ್ ಜನರೇಷನ್ ಐ3 ಪ್ರೊಸೆಸರ್, ಎಚ್61 ಬೋರ್ಡ್, ಎನ್‌ವಿಡಿಯಾ ಜಿಫೋರ್ಸ್ ಜಿಟಿ 730 ಗ್ರಾಫಿಕ್ಸ್ ಕಾರ್ಡ್. ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ 10 ಹೊಸದಾಗಿ ಮಾಡಿಸಿದ್ದೇ ತಡ, ಅಕ್ಷರ ಎಲ್ಲ ಅಡ್ಡಕ್ಕೆ ಎಳೆದ ಹಾಗೆ ಕಾಣ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರೇ ಇಲ್ಲ, ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿದೆ. ಕಂಪನಿಯ ಸೈಟಿನಿಂದಲೇ ಕಾರ್ಡನ್ನ ವಿಂಡೋಸ್ ಜೊತೆ ಓಡಿಸೋ ಡ್ರೈವರ್, 475.14 ನಂಬರಿಂದು, ಇಳಿಸಿಕೊಂಡೆ. ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ ಅಂತ ಹೇಳಿ ನಿಲ್ಲುತ್ತೆ. ಅಂಗಡಿಯವರು ಕಾರ್ಡೇ ಹೋಗಿದೆ ಅಂತಾರೆ. ಶನಿವಾರ ಬಟವಾಡೆ ಇದೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಪಟ್ಟಿ ತೆಗೀಬೇಕು.

ಕೊಪ್ಪ_ಮಿಂಟ್
ಲಿನಕ್ಸ್ ಮಿಂಟ್ ಹಾಕಿ ಗುರು, ಎನ್‌ವಿಡಿಯಾ ಕಾರ್ಡಿಗೆ ನೂವೋ ಅನ್ನೋ ಡ್ರೈವರ್ ಅದರ ಜೊತೆಗೇ ಬರುತ್ತೆ, ತಲೆನೋವಿಲ್ಲ.

ಹಾಸನ_ಬೆಂಚ್
ಟ್ಯಾಲಿ ಅಂದ್ರಲ್ಲ ಅವರು, ವಿಂಡೋಸ್ ಬಿಡೋ ಹಾಗಿಲ್ಲ.

ರೈಟರೇ, ಟ್ಯಾಲಿಗೆ ಕಾರ್ಡ್ ಬೇಕೇ ಇಲ್ಲ. ಐ3 ಒಳಗಿನ ಗ್ರಾಫಿಕ್ಸೇ ಸಾಕು. ಬೋರ್ಡಿನ ವಿಜಿಎ ಪೋರ್ಟ್‌ಗೆ ಮಾನಿಟರ್ ಹಾಕಿ ನೋಡಿದ್ರಾ?

ಮೂಡಿಗೆರೆ_ರೈಟರ್
ಆ ಪೋರ್ಟ್ ಸತ್ತಿದೆ ಸರ್. ಹೋದ ವರ್ಷ ಮುಂಗಾರಿಗೆ ಮುಂಚೆ ಸಿಡಿಲು ಹೊಡೆದಾಗ ಹೋಯ್ತು. ಅದಕ್ಕೇ ಈ ಕಾರ್ಡ್ ಹಾಕಿಸಿದ್ದು.

ಹಾಸನ_ಬೆಂಚ್
ಹಾಗಾದ್ರೆ ಕಾರ್ಡನ್ನೇ ಸರಿಮಾಡಬೇಕು. ಅದು ಹೋಗಿರೋ ಸಾಧ್ಯತೆ ಕಡಿಮೆ, ಹೋಗಿದ್ರೆ ಇಷ್ಟೂ ಚಿತ್ರ ಬರ್ತಿರಲಿಲ್ಲ.

ಗೋಜಲು ಇರೋದು ಹೆಸರಲ್ಲಿ. 2014ರಲ್ಲಿ ಬಂದ ಜಿಟಿ 730ರಲ್ಲಿ ಎರಡು ಜಾತಿ ಚಿಪ್ ಇದೆ. ಒಂದು ಕೆಪ್ಲರ್: 384 ಕೋರ್, 64 ಬಿಟ್ ಮೆಮೊರಿ. ಇನ್ನೊಂದು ಅದಕ್ಕಿಂತ ಹಳೇ ಫರ್ಮಿ: 96 ಕೋರ್, 128 ಬಿಟ್ ಡಿಡಿಆರ್3. ಡಬ್ಬದ ಮೇಲೆ ಎರಡಕ್ಕೂ ಅದೇ ಹೆಸರು. 475.14 ಕೆಪ್ಲರ್‌ಗೆ. ಫರ್ಮಿಗೆ ಕೊನೇ ಡ್ರೈವರ್ 2018ರ ಮಾರ್ಚ್‌ನ 391.35, ಅದರಾಚೆ ಇಲ್ಲ.

ಹೆಸರು ನಂಬಬೇಡಿ, ನಂಬರ್ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಬೇಸಿಕ್ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ. ‘ವೆನ್’ ಪಕ್ಕ 10ಡಿಇ ಇದ್ರೆ ಅದು ಎನ್‌ವಿಡಿಯಾ. ‘ಡೆವ್’ ಪಕ್ಕ 1287 ಇದ್ರೆ ಕೆಪ್ಲರ್, 0ಎಫ್02 ಇದ್ರೆ ಫರ್ಮಿ.

ಮೊದಲು ಡಿಡಿಯು (ಹಳೇ ಡಿಸ್‌ಪ್ಲೇ ಡ್ರೈವರ್ ಪೂರ್ತಿ ಅಳಿಸೋ ಟೂಲ್) ಓಡಿಸಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಹಳೇ ಡ್ರೈವರ್ ಇದ್ದ ಮಷೀನಿಗೆ ಅದು ಸರಿ. ನಿಮ್ಮದು ಹೊಸ ವಿಂಡೋಸ್, ಇನ್‌ಸ್ಟಾಲರ್ ಹೊಸ್ತಿಲಲ್ಲೇ ವಾಪಸ್ ಬಂದಿದೆ. ತೊಳೆಯೋದಕ್ಕೆ ಒಳಗೆ ಏನೂ ಇಲ್ಲ.

ಮೂಡಿಗೆರೆ_ರೈಟರ್
0ಎಫ್02!

ಹಾಸನ_ಬೆಂಚ್
ಫರ್ಮಿ. 391.35ರ ವಿಂಡೋಸ್ 10, 64 ಬಿಟ್ ಫೈಲ್ ತಗೊಳ್ಳಿ. ಕಂಪನಿ ಸೈಟಿಂದಲೇ ತಗೊಳ್ಳಿ, ‘ಡ್ರೈವರ್ ಅಪ್‌ಡೇಟರ್’ ಅಂತ ಬರೋ ಜಾಹೀರಾತು ಮುಟ್ಟಬೇಡಿ. ಕಸ್ಟಮ್ ಆರಿಸಿ ಗ್ರಾಫಿಕ್ಸ್ ಡ್ರೈವರ್ ಮಾತ್ರ ಹಾಕಿ, ಜಿಫೋರ್ಸ್ ಎಕ್ಸ್‌ಪೀರಿಯೆನ್ಸ್, 3ಡಿ ವಿಷನ್ ಟಿಕ್ ತೆಗೀರಿ. ನಡುವೆ ಸ್ಕ್ರೀನ್ ಕಪ್ಪಾಗುತ್ತೆ, ಗಾಬರಿಯಾಗಿ ಪವರ್ ಆಫ್ ಮಾಡಬೇಡಿ.

ಮೂಡಿಗೆರೆ_ರೈಟರ್
ಆಯ್ತು ಸರ್, 1920×1080 ಬಂತು, ನುಡಿ ಅಕ್ಷರ ಚೆನ್ನಾಗಿ ಕಾಣ್ತಿದೆ. ಆದ್ರೆ ಇನ್ನೊಂದು ಕಾಟ. ಮಳೆ ಹಿಡಿದ ದಿನ ಬೆಳಿಗ್ಗೆ ಆನ್ ಮಾಡಿದ್ರೆ ಮಾನಿಟರ್ ‘ನೋ ಸಿಗ್ನಲ್’ ಅನ್ನುತ್ತೆ, ಕ್ಯಾಬಿನೆಟ್ ಪಕ್ಕಕ್ಕೆ ಒಂದು ಏಟು ಕೊಟ್ರೆ ಬರುತ್ತೆ. ಇದಕ್ಕೂ ಬೇರೆ ಡ್ರೈವರ್ ಬೇಕಾ?

ಹಾಸನ_ಬೆಂಚ್
ಏಟಿಗೆ ಬಗ್ಗೋದು ಡ್ರೈವರ್ ಅಲ್ಲ. ವಿಂಡೋಸ್ ಶುರುವಾಗೋ ಮುಂಚೆಯೇ ಚಿತ್ರ ಇಲ್ಲ ಅಂದ್ರೆ ಸ್ಲಾಟಿನ ಕಾಂಟ್ಯಾಕ್ಟ್ ನೋಡಿ. ನಿಮ್ಮ ಕಡೆ ಥಂಡಿಗೆ ಇದು ಮಾಮೂಲು. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿಹಿಡಿದು, ಸ್ಲಾಟಿನ ತುದಿಯ ಲಾಕ್ ಬಿಡಿಸಿ ಕಾರ್ಡ್ ತೆಗೀರಿ. ಚಿನ್ನದ ಬಣ್ಣದ ಹಲ್ಲುಗಳನ್ನ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ. ಉಪ್ಪು ಕಾಗದ ಬೇಡವೇ ಬೇಡ. ವಾಪಸ್ ಹಾಕುವಾಗ ಲಾಕ್ ‘ಟಕ್’ ಅನ್ನೋವರೆಗೂ ಒತ್ತಿ, ಹಿಂದಿನ ಪಟ್ಟಿಯ ಸ್ಕ್ರೂ ಬಿಗಿ ಮಾಡಿ.

ಮೂಡಿಗೆರೆ_ರೈಟರ್
ಸ್ಕ್ರೂ ಇರಲೇ ಇಲ್ಲ ಸರ್, ಕೇಬಲ್ ಭಾರಕ್ಕೆ ಕಾರ್ಡ್ ವಾಲಿಕೊಂಡಿತ್ತು. ರಬ್ಬರ್ ಉಜ್ಜಿ, ಕ್ಯಾಬಿನೆಟ್ಟಿನದೇ ಒಂದು ಸ್ಕ್ರೂ ತೆಗೆದು ಹಾಕಿದೆ. ಬೆಳಿಗ್ಗೆಯಿಂದ ಜಡಿಮಳೆ, ಆನ್ ಮಾಡಿದ ತಕ್ಷಣ ಡಿಸ್‌ಪ್ಲೇ ಬಂತು.