ಮಗಳ ಹೊಟ್ಟೆ ಟ್ಯೂಬ್ ಸುತ್ತ ಚರ್ಮ ಕೆಂಪಾಗಿದೆ, ಏನು ಹಚ್ಚಲಿ?

ಸಿಂಧನೂರಿನ ಅಮ್ಮ:
ಮಗಳಿಗೆ 4 ವರ್ಷ. ನುಂಗಲು ಬರಲ್ಲ, ಹಾಗಾಗಿ ಹೊಟ್ಟೆಗೆ ಟ್ಯೂಬ್ ಹಾಕಿಸಿದ್ದೇವೆ. ಈಗ ಇರುವುದು ಬಟನ್, ಅಂದರೆ ಚರ್ಮದ ಮಟ್ಟಕ್ಕೇ ಕೂರುವ ಗಿಡ್ಡ ಟ್ಯೂಬ್; ಜಾರದಂತೆ ಹೊಟ್ಟೆಯೊಳಗೆ ನೀರು ತುಂಬಿದ ಪುಟ್ಟ ಬಲೂನ್ ಹಿಡಿದಿರುತ್ತದೆ. ಹದಿನೈದು ದಿನದಿಂದ ತೂತಿನ ಸುತ್ತ ಕೆಂಪು. ಗಂಜಿ ಹಾಕಿದರೆ ಪಕ್ಕದಿಂದ ಒಸರುತ್ತದೆ, ಹುಳಿ ವಾಸನೆ. ಒಂದು ಕಡೆ ದಾಳಿಂಬೆ ಕಾಳಿನಷ್ಟು ಮಾಂಸ ಎದ್ದಿದೆ, ಮುಟ್ಟಿದರೆ ರಕ್ತ. ಜ್ವರ ಇಲ್ಲ. ಒದ್ದೆಯಾಗಬಾರದು ಅಂತ ಗಾಜ್ ಮೇಲೆ ಗಾಜ್ ಇಡುತ್ತಿದ್ದೇನೆ. ಅತ್ತೆ ಅರಿಶಿನ, ಕೊಬ್ಬರಿ ಎಣ್ಣೆ ಅಂತಾರೆ. ನಮ್ಮ ಬಿಸಿಲು ಗೊತ್ತಲ್ವಾ, ಬೆವರು ಬೇರೆ.

ಮಾನ್ವಿಯ ಅಪ್ಪ:
ತಂಗಿ, ಅರಿಶಿನ ಬೇಡಮ್ಮ. ನಾವು ಹಚ್ಚಿದ್ವಿ. ಒಳಗೆ ಕೆಂಪು ಹೆಚ್ಚಾಗಿದ್ದು ಹಳದಿ ಬಣ್ಣದಲ್ಲಿ ಕಾಣಲೇ ಇಲ್ಲ. ಗಾಜ್ ದಪ್ಪ ಇಟ್ಟರೆ ಬಟನ್ ಮೇಲಕ್ಕೆ ಎಳೆದ ಹಾಗೆ ಆಗುತ್ತದೆ, ಒದ್ದೆ ಗಾಜ್ ಚರ್ಮಕ್ಕೇ ಅಂಟಿಕೊಂಡಿರುತ್ತದೆ. ಒಂದೇ ಪದರ ಇಡಿ, ಒದ್ದೆಯಾದ ಕೂಡಲೇ ಬದಲಿಸಿ.

ಬಳ್ಳಾರಿಯ ನರ್ಸ್:
ಹಚ್ಚುವುದು ಆಮೇಲೆ ಅಕ್ಕಾ, ಮೊದಲು ಸೋರಿಕೆ ಯಾಕೆ ಅಂತ ನೋಡಿ. ಹೊಟ್ಟೆಯ ಆಮ್ಲ ಹೊರಗೆ ಬಂದು ಚರ್ಮ ಸುಡುತ್ತಿದೆ, ಅದು ನಿಲ್ಲದೆ ಯಾವ ಕ್ರೀಮೂ ಕೆಲಸ ಮಾಡಲ್ಲ. ಬಲೂನಿನಲ್ಲಿ ನೀರು ಕಡಿಮೆಯಾಗಿದ್ದರೆ ಬಟನ್ ಸಡಿಲವಾಗಿ ಒಳಗೆ ಹೊರಗೆ ಆಡುತ್ತದೆ. ಆ ಉಜ್ಜಾಟಕ್ಕೇ ಮಾಂಸ ಬೆಳೆಯುವುದು. ಅದಕ್ಕೆ ಗ್ರಾನ್ಯುಲೇಷನ್ ಅಂತಾರೆ. ಅದು ಕ್ಯಾನ್ಸರ್ ಅಲ್ಲ, ಹೆದರಬೇಡಿ. ನೀರಿನ ಅಳತೆ ನಿಮ್ಮ ಆಸ್ಪತ್ರೆಯವರು ಬರೆದುಕೊಟ್ಟಷ್ಟೇ. ಬಲೂನಿನ ನೀರು ತೆಗೆದು ಅಳೆದು ನೋಡುವುದನ್ನು ಅವರ ಹತ್ತಿರವೇ ಕಲಿಯಿರಿ, ಸುಮ್ನೆ ಪ್ರಯತ್ನ ಬೇಡ. ಮಗು ಬೆಳೆದು ಬಟನ್ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ.

ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಮೆದು ಸಾಬೂನು ಸಾಕು. ಒತ್ತಿ ಒರೆಸಿ, ಉಜ್ಜಬೇಡಿ. ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ. ಪೌಡರ್ ಬೇಡ. ಕೆಂಪಿನ ಹೊರಗೆ ಚಿಕ್ಕ ಚಿಕ್ಕ ಚುಕ್ಕೆ ಎದ್ದರೆ ಅದು ಫಂಗಸ್ ಇರಬಹುದು, ಡಾಕ್ಟರ್‌ಗೆ ತೋರಿಸಿ, ಬೇರೆ ಕ್ರೀಮ್ ಕೊಡುತ್ತಾರೆ. ಕೆಂಪು ಹರಡಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ಕಾಯಬೇಡಿ. ಬಟನ್ ಹೊರಗೇ ಬಂದರೆ ತಕ್ಷಣ ಹೊರಡಿ, ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ.

ಸಿಂಧನೂರಿನ ಅಮ್ಮ:
ರಾಯಚೂರಿಗೆ ಹೋಗಿ ಬಂದೆವು. 5 ಎಂಎಲ್ ಇರಬೇಕಾದ ಬಲೂನಿನಲ್ಲಿ 2 ಎಂಎಲ್ ಕೂಡ ಇರಲಿಲ್ಲ! ಬಟನ್ ಬದಲಿಸಿದರು. ಎದ್ದ ಮಾಂಸಕ್ಕೆ ಅದನ್ನು ಸುಡುವ ಔಷಧಿ, ಸಿಲ್ವರ್ ನೈಟ್ರೇಟ್ ಕಡ್ಡಿ ತಾಗಿಸಿದರು, ಅದು ಬೂದಿ ಬಣ್ಣಕ್ಕೆ ತಿರುಗಿದೆ. ಮೊದಲೇ ಹೇಳಿದ್ದರು, ಆದರೂ ಬಟ್ಟೆ ಬಿಚ್ಚಿದಾಗ ಅತ್ತೆ ಗಾಬರಿಯಾದರು. ಒಸರುವುದು ನಿಂತಿದೆ. ನಿನ್ನೆ ರಾತ್ರಿ ಮಗಳು ಬೋರಲಾಗಿ ಮಲಗಿದಳು, ತಿಂಗಳಾಗಿತ್ತು ಹಾಗೆ ಮಲಗಿ.