ಕ್ಲೋನ್ 13 ಇಲಿ, 30ನೇ ದಿನ: ಹೆಲ್ಪರ್ ಟಿ ಕೋಶಗಳು ಎಲ್ಲಿ ಹೋದವು?

ನಿದ್ದೆಗೆಟ್ಟ_ಇಲಿ:
ನಮಸ್ಕಾರ. ಬಿ6 (ಲ್ಯಾಬ್‌ನ ಸಾಮಾನ್ಯ ತಳಿ) ಇಲಿಗಳ ಎರಡು ಗುಂಪು. ಒಂದಕ್ಕೆ ಎಲ್‌ಸಿಎಂವಿ ಎಂಬ ಇಲಿ ವೈರಸ್‌ನ ಆರ್ಮ್‌ಸ್ಟ್ರಾಂಗ್ ತಳಿ, ಹೊಟ್ಟೆಗೆ 2 ಲಕ್ಷ ಪಿಎಫ್‌ಯು (ಸೋಂಕು ತರಬಲ್ಲ ವೈರಸ್‌ನ ಎಣಿಕೆ). ಇನ್ನೊಂದಕ್ಕೆ ಅದೇ ವೈರಸ್‌ನ ಕ್ಲೋನ್ 13 ತಳಿ, ಬಾಲದ ರಕ್ತನಾಳಕ್ಕೆ 20 ಲಕ್ಷ. 30ನೇ ದಿನ ಸ್ಪ್ಲೀನ್ (ಗುಲ್ಮ) ತೆಗೆದು, ಅದರ ಕೋಶಗಳಿಗೆ ಜಿಪಿ61-80 ಪೆಪ್ಟೈಡ್ (ವೈರಸ್ ಪ್ರೋಟೀನಿನ ತುಣುಕು) ಮತ್ತು ಬ್ರೆಫೆಲ್ಡಿನ್ (ಕೋಶ ಮಾಡಿದ್ದು ಹೊರಹೋಗದಂತೆ ತಡೆಯುವ ಔಷಧಿ) ಹಾಕಿ 5 ಗಂಟೆ ಇಟ್ಟೆ. ಆರ್ಮ್‌ಸ್ಟ್ರಾಂಗ್‌ನಲ್ಲಿ ಹೆಲ್ಪರ್ ಟಿ ಕೋಶಗಳ (ಸಿಡಿ4) ಗ್ಯಾಮಾ ಇಂಟರ್‌ಫೆರಾನ್ ಚೆನ್ನಾಗಿ ಬಂತು. ಕ್ಲೋನ್ 13ರಲ್ಲಿ ತೀರಾ ಕಮ್ಮಿ, ಅದರಂಥದೇ ಸಂಕೇತ ಪ್ರೋಟೀನ್ ಐಎಲ್-2 ಅಂತೂ ಇಲ್ಲವೇ ಇಲ್ಲ. ಟೆಟ್ರಾಮರ್‌ನಲ್ಲಿ (ಈ ವೈರಸ್ ಗುರುತಿಸುವ ಟಿ ಕೋಶಕ್ಕೆ ಅಂಟುವ ಬಣ್ಣದ ಗುರುತು) ಎರಡೂ ಗುಂಪು ಖಾಲಿ. ಕೋಶಗಳು ಸತ್ತುಹೋದವಾ? ಪೆಪ್ಟೈಡ್ ಕೆಟ್ಟಿದೆಯಾ?

ಹಳೇ_ಪಿಪೆಟ್:
ಪೆಪ್ಟೈಡ್ ಕೆಟ್ಟಿದ್ದರೆ ಆರ್ಮ್‌ಸ್ಟ್ರಾಂಗ್‌ನಲ್ಲೂ ಏನೂ ಬರುತ್ತಿರಲಿಲ್ಲ, ಅಲ್ವಾ? ಟೆಟ್ರಾಮರ್ ಹೇಗೆ ಹಾಕಿದಿರಿ?

ನಿದ್ದೆಗೆಟ್ಟ_ಇಲಿ:
ಐಸ್ ಮೇಲೆ ಅರ್ಧ ಗಂಟೆ, ಸಿಡಿ8ಗೆ (ಸೋಂಕಿತ ಕೋಶ ಕೊಲ್ಲುವ ಟಿ ಕೋಶಗಳಿಗೆ) ಹಾಕುವ ಹಾಗೇ. ಪೆಪ್ಟೈಡ್ ಹಾಕಿದ ಟ್ಯೂಬಿನಲ್ಲೇ.

ಹಳೇ_ಪಿಪೆಟ್:
ಹಾಗಾದರೆ ಟೆಟ್ರಾಮರ್ ಖಾಲಿ ಬಂದದ್ದು ನಿಮ್ಮ ಕೈಯದು, ಇಂಟರ್‌ಫೆರಾನ್ ಕಮ್ಮಿಯಾದದ್ದು ವೈರಸ್‌ನದು. ಎರಡನ್ನೂ ಬೆರೆಸಬೇಡಿ.

ಸಿಡಿ4 ಕೋಶಗಳಿಗೆ ಹಾಕುವ ಕ್ಲಾಸ್ 2 ಟೆಟ್ರಾಮರ್‌ನ ಹಿಡಿತ ಸಡಿಲ. 37 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡಿ. ಪೆಪ್ಟೈಡ್ ಕಂಡ ಕೋಶ ತನ್ನ ರಿಸೆಪ್ಟರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಟೆಟ್ರಾಮರ್ ಎಲ್ಲಿಗೆ ಅಂಟಬೇಕು? ಪೆಪ್ಟೈಡ್ ಕಾಣದ ಬೇರೆ ಟ್ಯೂಬ್ ತೆಗೆದುಕೊಳ್ಳಿ. ಜಿಪಿ66-77 ಟೆಟ್ರಾಮರ್ ಜೊತೆ ವೈರಸ್‌ಗೆ ಸಂಬಂಧವಿಲ್ಲದ ಕ್ಲಿಪ್ ಪೆಪ್ಟೈಡಿನ ಟೆಟ್ರಾಮರನ್ನು ಕಂಟ್ರೋಲ್ ಆಗಿ ಇಡಿ.

ಇನ್ನು ಇಂಟರ್‌ಫೆರಾನ್. ಆರ್ಮ್‌ಸ್ಟ್ರಾಂಗ್ ಒಂದು ವಾರದಲ್ಲಿ ಹೊರಟುಹೋಗುತ್ತದೆ. ಕ್ಲೋನ್ 13 ಎರಡು ಮೂರು ತಿಂಗಳು ರಕ್ತದಲ್ಲೇ ಇರುತ್ತದೆ. ದಿನವೂ ಆಂಟಿಜನ್ (ವೈರಸ್‌ನ ತುಣುಕು) ಕಂಡು ಕಂಡು ಸಿಡಿ4 ಕೋಶಗಳ ಐಎಲ್-2, ಟಿಎನ್‌ಎಫ್ ಇಳಿಯುತ್ತವೆ. ಆದರೆ ಅವು ಕೆಲಸ ಬಿಟ್ಟಿಲ್ಲ, ಇಲಾಖೆ ಬದಲಾಯಿಸಿವೆ. ಬಹಳಷ್ಟು ಕೋಶಗಳು ಫಾಲಿಕ್ಯುಲರ್ ಹೆಲ್ಪರ್ (ಪ್ರತಿಕಾಯ ಮಾಡುವ ಬಿ ಕೋಶಕ್ಕೆ ನೆರವಾಗುವ ಬಗೆ) ಕಡೆ ವಾಲಿ ಐಎಲ್-21 ಎಂಬ ಸಂಕೇತ ಪ್ರೋಟೀನ್ ಮಾಡುತ್ತವೆ. ಆ ಐಎಲ್-21 ಇಲ್ಲದಿದ್ದರೆ ಸಿಡಿ8 ಕುಸಿಯುತ್ತದೆ ಎಂದು 2009ರಲ್ಲೇ ತೋರಿಸಿದ್ದಾರೆ. ಸೋಂಕಿಗೆ ಮೊದಲೇ ಸಿಡಿ4 ತೆಗೆದ ಇಲಿಯ ರಕ್ತದಿಂದ ಕ್ಲೋನ್ 13 ಹೋಗುವುದೇ ಇಲ್ಲ. ಸತ್ತ ಕೋಶ ಇಷ್ಟೆಲ್ಲ ಮಾಡುತ್ತದಾ?

ಫಾಲಿಕ್ಯುಲರ್ ಹೆಲ್ಪರ್‌ನ ಗುರುತಾದ ಸಿಎಕ್ಸ್‌ಸಿಆರ್5 ನೋಡಿ. ಐಸ್‌ನಲ್ಲಿ ಅದು ಮಂಕು, ಅದನ್ನೂ ಬೆಚ್ಚಗೇ ಹಾಕಿ. ದಣಿದ ಕೋಶದ ಗುರುತೆನ್ನುವ ಪಿಡಿ-1 ಒಂದನ್ನೇ ನೋಡಿ ‘ದಣಿದಿವೆ’ ಅಂತ ಬರೆಯಬೇಡಿ. ಫಾಲಿಕ್ಯುಲರ್ ಹೆಲ್ಪರ್‌ಗಳಲ್ಲಿ ಅದು ಸಹಜವಾಗಿಯೇ ಜಾಸ್ತಿ. ನಾನೂ ಹಾಗೆ ಬರೆದು ಬೈಸಿಕೊಂಡಿದ್ದೇನೆ.

ನಿದ್ದೆಗೆಟ್ಟ_ಇಲಿ:
ಬಂತು ಸರ್! ಎರಡೂ ಗುಂಪಿನಲ್ಲಿ ಟೆಟ್ರಾಮರ್ ಕಾಣುತ್ತಿದೆ. ಕ್ಲೋನ್ 13ರಲ್ಲಿ ಸಿಎಕ್ಸ್‌ಸಿಆರ್5 ಇರುವವೇ ಜಾಸ್ತಿ. ಒಂದು ಇಲಿ ಮಾತ್ರ ಆರ್ಮ್‌ಸ್ಟ್ರಾಂಗ್ ಥರ ಇದೆ, ಸೀರಂ ಪ್ಲಾಕ್ ಅಸ್ಸೇಯಲ್ಲಿ (ರಕ್ತದ ವೈರಸ್ ಎಣಿಸುವ ಪರೀಕ್ಷೆ) ವೈರಸ್ಸೂ ಇಲ್ಲ. ಬಾಲದ ಇಂಜೆಕ್ಷನ್ ತಪ್ಪಿರಬೇಕು. ಲೆಕ್ಕದಿಂದ ಬಿಡಲಾ?

ಹಳೇ_ಪಿಪೆಟ್:
ಬಿಡಿ. ಆದರೆ ಯಾಕೆ ಬಿಟ್ಟಿರಿ ಅಂತ ನೋಟ್‌ಬುಕ್‌ನಲ್ಲಿ ಇವತ್ತೇ ಬರೆದುಬಿಡಿ.