ಆಲ್‌ಝೈಮರ್, ಪಾರ್ಕಿನ್ಸನ್ ಅಥವಾ ಬೇರೇನೋ? ಹೇಗೆ ಬೇರ್ಪಡಿಸೋದು?

ಬೇವಿನಕಟ್ಟೆ: ನಮ್ಮ ಹಿರಿಯರೊಬ್ಬರು, 72 ವರ್ಷ. ಸಂಜೆಯಾದರೆ ಯಾರೂ ಇಲ್ಲದ ಮೂಲೆಯಲ್ಲಿ ಮಕ್ಕಳು ಕೂತಿದ್ದಾರೆ ಅಂತಾರೆ. ನಡಿಗೆ ನಿಧಾನ, ಕೈಕಾಲು ಬಿಗಿ, ನಡುಕ ಇಲ್ಲ. ಒಂದು ದಿನ ಲೆಕ್ಕ ಸರಿಯಾಗಿ ಒಪ್ಪಿಸ್ತಾರೆ, ಮರುದಿನ ಪೂರ್ತಿ ಮಂಕು. ಒಬ್ಬ ಡಾಕ್ಟರು ಆಲ್‌ಝೈಮರ್ ಅಂದರು, ಇನ್ನೊಬ್ಬರು ಪಾರ್ಕಿನ್ಸನ್. ಎಂಆರ್‌ಐ ರಿಪೋರ್ಟಿನಲ್ಲಿ ವಯಸ್ಸಿಗೆ ತಕ್ಕಷ್ಟು ಮೆದುಳು ಕುಗ್ಗಿದೆ ಅಂತಷ್ಟೇ ಇದೆ.

ನರತಂತು: ಇಂಥ ಕಡೆ ಎಂಆರ್‌ಐಗಿಂತ ಲಕ್ಷಣಗಳು ಬಂದ ಸರದಿಯೇ ಹೆಚ್ಚು ಹೇಳುತ್ತೆ. ಆಲ್‌ಝೈಮರ್ ಸಾಮಾನ್ಯವಾಗಿ ಹೊಸ ನೆನಪಿಗೆ ಮೊದಲು ಕೈ ಹಾಕುತ್ತೆ: ಬೆಳಗಿನ ತಿಂಡಿ ಏನಂತ ಸುಳಿವು ಕೊಟ್ಟರೂ ಹೊಳೆಯಲ್ಲ, ಕೇಳಿದ್ದನ್ನೇ ಕೇಳ್ತಾರೆ, ಶುರುವಿನಲ್ಲಿ ನಡಿಗೆಗೆ ಏನೂ ಆಗಿರಲ್ಲ. ಪಾರ್ಕಿನ್ಸನ್ ಹೆಚ್ಚಾಗಿ ಒಂದೇ ಬದಿಯಿಂದ ಶುರು, ತೊಡೆ ಮೇಲೆ ಸುಮ್ಮನಿಟ್ಟ ಕೈ ನಡುಗುತ್ತೆ, ಲೆವೊಡೋಪಾ ಎಂಬ ಔಷಧಿಗೆ ಚೆನ್ನಾಗಿ ಬಗ್ಗುತ್ತೆ. ನೀವು ಹೇಳಿದ ಏರಿಳಿತ, ಕಣ್ಣಿಗೆ ಕಟ್ಟಿದಂತೆ ಕಾಣುವ ಮಕ್ಕಳು, ಬಿಗಿತ, ಮೂರೂ ಸೇರಿದರೆ ಮೊದಲ ಅನುಮಾನ ಲ್ಯೂಯಿ ಬಾಡಿ ಡಿಮೆನ್ಷಿಯಾ (ಬುದ್ಧಿ, ಚಲನೆ ಎರಡನ್ನೂ ಕುಂದಿಸುವ ಮೆದುಳಿನ ಕಾಯಿಲೆ) ಮೇಲೆ. ನಿದ್ದೆಯಲ್ಲಿ ಕೂಗೋದು, ಒದೆಯೋದು ಇತ್ತಾ? ಪಕ್ಕ ಮಲಗುವವರನ್ನು ಕೇಳಿ, ಅದು ಎಷ್ಟೋ ವರ್ಷ ಮುಂಚೆಯೇ ಶುರುವಾಗಿರಬಹುದು. ಬಿಗಿತ ಮೊದಲೋ, ಮಂಕು ಮೊದಲೋ?

ಬೇವಿನಕಟ್ಟೆ: ಬಿಗಿತ ಮೊದಲು. ನಾಲ್ಕೈದು ತಿಂಗಳಿಗೆ ಮಂಕು. ನಿದ್ದೆಯಲ್ಲಿ ಕೈ ಬೀಸೋದು ಹಳೇದು.

ನರತಂತು: ಹಾಗಾದರೆ ಲ್ಯೂಯಿ ಬಾಡಿ ಕಡೆಗೇ ವಾಲುತ್ತೆ. ಚಲನೆಯ ತೊಂದರೆ ಬಂದು 1 ವರ್ಷದೊಳಗೆ ಬುದ್ಧಿ ಮಂಕಾದರೆ ಈ ಹೆಸರು. ಪಾರ್ಕಿನ್ಸನ್ ಗಟ್ಟಿಯಾಗಿ ವರ್ಷಗಳಾದ ಮೇಲೆ ಬಂದರೆ ಪಾರ್ಕಿನ್ಸನ್ ಡಿಮೆನ್ಷಿಯಾ. ಗೆರೆ ಸ್ವಲ್ಪ ಕೃತಕವೇ. ಎರಡರಲ್ಲೂ ನರಕೋಶದೊಳಗೆ ಗಂಟುಗಟ್ಟುವುದು ಆಲ್ಫಾ ಸೈನ್ಯೂಕ್ಲಿನ್ ಎಂಬ ಅದೇ ಪ್ರೋಟೀನ್. ಗಡಿಯಾರದ ಚಿತ್ರ ಬರೆಸಿ ನೋಡಿ. ನೆನಪು ತಕ್ಕಮಟ್ಟಿಗಿದ್ದೂ ಮುಳ್ಳು, ಅಂಕಿ ಚೆಲ್ಲಾಪಿಲ್ಲಿಯಾದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ಗುಳಿಗೆಪೆಟ್ಟಿಗೆ: ಹೆಸರು ಖಚಿತವಾಗುವ ಮುಂಚೆಯೇ ಒಂದು ಕೆಲಸ ಮಾಡಿ. ಫೈಲಿನ ಮೊದಲ ಪುಟದಲ್ಲೇ 'ಲ್ಯೂಯಿ ಬಾಡಿ ಅನುಮಾನ, ಹಾಲೋಪೆರಿಡಾಲ್ ಬೇಡ' ಎಂದು ಬರೆಸಿ. ರಾತ್ರಿ ಗಲಾಟೆ ಅಂತ ಎಮರ್ಜೆನ್ಸಿಗೆ ಹೋದಾಗ ಶಾಂತಗೊಳಿಸಲು ಕೊಡುವ ಆ ಇಂಜೆಕ್ಷನ್ ಬಿದ್ದರೆ ಮೈ ಮರಗಟ್ಟಿ, ನುಂಗಲೂ ಆಗದೆ ಜೀವಕ್ಕೇ ಕುತ್ತು ಬರಬಹುದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಬಿಗಿತ ಹೆಚ್ಚಿಸುತ್ತೆ, ಪಾರ್ಕಿನ್ಸನ್ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಗೊಂದಲ ಹೆಚ್ಚಿಸುತ್ತೆ. ಮಕ್ಕಳು ಕಾಣೋದಕ್ಕೆ ರಿವಾಸ್ಟಿಗ್ಮಿನ್ ಎಂಬ ಡಿಮೆನ್ಷಿಯಾ ಔಷಧಿಯಿಂದ ಎಷ್ಟೋ ಜನಕ್ಕೆ ಗುಣ ಕಂಡಿದೆ. ಈಗ ನಡೆಯುತ್ತಿರುವ ಮಾತ್ರೆಯನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ.

ಸೀಬೆಹಣ್ಣು: ಮೊದಲ ವರ್ಷಗಳಲ್ಲೇ ಹಿಂದಕ್ಕೆ ಬೀಳ್ತಾರಾ, ಮೆಟ್ಟಿಲಿಳಿಯುವಾಗ ಕಣ್ಣು ಕೆಳಗೆ ಹೊರಳಲ್ವಾ? ಅದು ಪಿಎಸ್‌ಪಿ (ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಪಾರ್ಕಿನ್ಸನ್ ಹೋಲುವ ಇನ್ನೊಂದು ಮೆದುಳಿನ ಕಾಯಿಲೆ) ಕಡೆ ಬೆರಳು ತೋರಿಸುತ್ತೆ. ಬಿ12, ಥೈರಾಯ್ಡ್ ನೋಡಿಸಿದ್ದೀರಾ? ಸಸ್ಯಾಹಾರಿಗಳಾಗಿದ್ದು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡಿದ್ದರೆ ಬಿ12 ಬಿಡಲೇಬಾರದು. ಎರಡೇ ದಿನದಲ್ಲಿ ಮಂಕು ಜಾಸ್ತಿಯಾದರೆ ಮೂತ್ರದ ಸೋಂಕು, ರಕ್ತದ ಸೋಡಿಯಂ ಅದೇ ದಿನ ಪರೀಕ್ಷಿಸಿ.